ಹೆಣ್ಣುಮಕ್ಕಳ ನಾಮಕರಣದಲ್ಲಿ ಔಚಿತ್ಯವಿಚಾರ

ಕಾವ್ಯವನ್ನು ವಿಮರ್ಶಿಸುವವರು ನಮ್ಮಲ್ಲಿ ಅನೇಕರಿದ್ದಾರೆ; ನಾಟಕವನ್ನೂ ಕಾದಂಬರಿಯನ್ನೂ ಒರೆಗೆ ಹಚ್ಚಿ ನೋಡುವವರಿಗೂ ಕೊರತೆಯಿಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ ರಚಿತವಾಗುವ, ಮೂರು ನಾಲ್ಕು ಅಕ್ಷರಗಳನ್ನು ಮೀರದ, ಒಮ್ಮೆ ರಚಿತವಾದ ಮೇಲೆ ಒಂದು ಜೀವಮಾನವೆಲ್ಲ ದಿನದಿನವೂ ಪಠಿತವಾಗುವ ಕೃತಿಯೊಂದುಂಟು. ಅದನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಎಣಿಸಿದವರು ವಿರಳ. ಅದೇ ಮಗುವಿನ ಹೆಸರು.

11ನೆಯ ಶತಮಾನದ ಕಾಶ್ಮೀರ ಪಂಡಿತನಾದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ತನ್ನ ಗ್ರಂಥದಲ್ಲಿ, ಔಚಿತ್ಯವು ನೆಲಸಬೇಕಾದ ಸ್ಥಾನಗಳನ್ನು ಪದದಿಂದ ಮೊದಲುಮಾಡಿ ಒಂದೊಂದಾಗಿ ಎಣಿಸುತ್ತ, ಕಟ್ಟಕಡೆಯಲ್ಲಿ ನಾಮವನ್ನೂ ಅದರ ಬೆನ್ನಿಗೇ ಆಶೀರ್ವಾದವನ್ನೂ ಹೇಳಿದ್ದಾನೆ. ಅವನ ಮಾತು ಕಾವ್ಯದೊಳಗೆ ಬರುವ ಹೆಸರುಗಳನ್ನು ಕುರಿತದ್ದು. ಆದರೂ ನಾಮ ಮತ್ತು ಆಶೀರ್ವಾದಗಳು ಅಲ್ಲಿ ನೆರೆಹೊರೆಯಾಗಿ ಕುಳಿತಿರುವುದು ತೊಟ್ಟಿಲ ಬಳಿಯಲ್ಲಿ ನಿಂತವರಿಗೂ ನೆನಪಿರಬೇಕಾದ ಸಂಗತಿಯಾಗಿದೆ. ತಾಯಿತಂದೆಗಳು ಮಗುವಿಗೆ ಕೊಡುವ ಮೊದಲನೆಯ ಆಶೀರ್ವಾದವೇ ಅದರ ಹೆಸರು. ಅದನ್ನು ಆ ಮಗು ಬೇಡಿ ಪಡೆದುದಲ್ಲ, ಬೇಡವೆಂದು ಹಿಂದಿರುಗಿಸುವುದೂ ಸುಲಭವಲ್ಲ. ಆದುದರಿಂದಲೇ ಕೊಡುವವರ ಹೊಣೆ ದೊಡ್ಡದು.

ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಹೆಣ್ಣುಮಗು ಹುಟ್ಟಿದೊಡನೆಯೇ ಒಂದು ಪ್ರಶ್ನೆ ಏಳುತ್ತದೆ. ಹೆಸರು ನೆರೆಮನೆಯಲ್ಲಿ ಇರಕೂಡದು. ಆದರೆ ಕೇಳಿದವರು ‘ಇದೆಂತಹ ಹೆಸರು?’ ಎಂದು ಹುಬ್ಬೇರಿಸಲೂ ಕೂಡದು. ಈ ಎರಡು ಬೇಡಿಕೆಗಳೂ ನ್ಯಾಯವಾದುವೇ ಸರಿ. ಹಿಂದಿನ ಕಾಲದಲ್ಲಿ ಮನೆದೇವರ ಹೆಸರು, ಇಲ್ಲವೆ ಅಜ್ಜಿಯ ಹೆಸರು, ಇವೆರಡರಲ್ಲಿ ಒಂದನ್ನು ಇಡುವುದು ರೂಢಿಯಾಗಿದ್ದಿತು. ಒಂದೇ ಬೀದಿಯಲ್ಲಿ ಮೂವರು ಲಕ್ಷ್ಮಮ್ಮಂದಿರು, ನಾಲ್ವರು ನಂಜಮ್ಮಂದಿರು. ದೊಡ್ಡ ನಂಜಮ್ಮ, ಚಿಕ್ಕ ನಂಜಮ್ಮ, ಮೂಲೆಮನೆ ನಂಜಮ್ಮ ಎಂದು ವಿಶೇಷಣವಿಲ್ಲದೆ ವ್ಯವಹಾರವೇ ನಡೆಯುತ್ತಿರಲಿಲ್ಲ. ಶಾಲೆಯ ಹಾಜರಿಪುಸ್ತಕವನ್ನು ವರ್ಷಗಟ್ಟಲೆ ಕೂಗಿದ ಈ ಲೇಖಕನು, ಒಂದು ಹೆಸರಿಗೆ ಮೂರು ಬಾಲಿಕೆಯರು ಒಟ್ಟಿಗೆ ಎದ್ದು ನಿಂತು ಮತ್ತೆ ಸಂಕೋಚದಿಂದ ಕುಳಿತುಕೊಳ್ಳುವುದನ್ನು ಅನೇಕ ಸಲ ಕಂಡಿದ್ದಾನೆ. ತನ್ನ ಹೆಸರು ತನ್ನದೇ ಆಗಿರಬೇಕೆಂಬ ಆಸೆ ಗರ್ವದಿಂದ ಹುಟ್ಟಿದುದಲ್ಲ. ಅದನ್ನು ಹಳೆಯವರು ಹಳಿಯುವುದು ಅನುಚಿತ.

ತಪ್ಪು ನಡೆಯುವುದು ಆಸೆಯಲ್ಲಿ ಅಲ್ಲ, ಅದನ್ನು ಪೂರೈಸುವ ಕ್ರಮದಲ್ಲಿ. ವಿರಳವೆಂಬುದು ಒಂದು, ಅಪೂರ್ವವೆಂಬುದು ಇನ್ನೊಂದು. ವಿರಳವಾದುದು ಹಿಂದೆ ಇದ್ದು ಈಗ ಕೆಲವರಲ್ಲಿ ಮಾತ್ರ ಉಳಿದಿರುವುದು. ಅಪೂರ್ವವೆಂದರೆ, ಶಬ್ದವೇ ಹೇಳುವಂತೆ, ಪೂರ್ವದಲ್ಲಿ ಇಲ್ಲದೆ ಇದ್ದುದು. ನಮ್ಮ ಮನೆಗಳವರು ಹುಡುಕಬೇಕಾದುದು ಮೊದಲನೆಯದನ್ನು, ತರುತ್ತಿರುವುದು ಎರಡನೆಯದನ್ನು. ಅಂಗಡಿಯಲ್ಲಿ ಮಾರುವ ಹೆಸರಿನ ಕೈಪಿಡಿಗಳನ್ನು ತೆರೆದು ನೋಡಿದರೆ ಇದು ಸ್ಪಷ್ಟವಾಗುವುದು. ‘ಅದ್ವಿಕಾ’ ಎಂದು ಬರೆದು ಎದುರಿಗೆ ‘ಎಣೆಯಿಲ್ಲದವಳು’ ಎಂದು ಅರ್ಥ ಕೊಟ್ಟಿರುತ್ತಾರೆ. ಆ ಅರ್ಥವನ್ನು ಹೇಳಲು ಸಂಸ್ಕೃತದಲ್ಲಿ ‘ಅದ್ವಿತೀಯಾ’ ಎಂಬ ಶಬ್ದ ಸಿದ್ಧವಾಗಿಯೇ ಇರುವಾಗ, ಕೈಕಾಲು ಮುರಿದ ಈ ರೂಪವೇಕೆ? ‘ಅನ್ವಿತಾ’ ಎಂಬುದು ಶುದ್ಧ ಶಬ್ದವೇ ಅಹುದು. ‘ಕೂಡಿದವಳು’ ಎಂದು ಅದರ ಅರ್ಥ. ಆದರೆ ಏತರೊಡನೆ ಕೂಡಿದವಳೆಂದು ಕೇಳಿದರೆ ಉತ್ತರವಿಲ್ಲ. ಗುಣಾನ್ವಿತೆ ಎಂದರೆ ವಾಕ್ಯ ಪೂರ್ಣವಾಗುವುದು. ಬರಿಯ ಅನ್ವಿತೆ ಎಂದರೆ ಬಾಗಿಲು ತೆರೆದು ಒಳಗೆ ಯಾರೂ ಇಲ್ಲದಂತಾಗುವುದು.

ಇನ್ನು ‘ನಿಕಿತಾ’, ‘ತಾನ್ಯಾ’ ಎಂಬುವುಗಳು. ಮೊದಲನೆಯದು ರಷ್ಯಾ ದೇಶದಲ್ಲಿ ಗಂಡಸರ ಹೆಸರು. ಆ ದೇಶವನ್ನು ಆಳಿದ ಕ್ರುಶ್ಚೇವನ ಹೆಸರೇ ಅದು. ಎರಡನೆಯದು ಅಲ್ಲಿಯ ತತ್ಯಾನಾ ಎಂಬ ಹೆಸರನ್ನು ಮನೆಯವರು ಮುದ್ದಿಗೆ ಕರೆಯುವ ಕ್ರಮ. ಪರದೇಶದ ಹೆಸರನ್ನು ಪ್ರೀತಿಯಿಂದ ತಂದು ಇಟ್ಟುಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಅದಕ್ಕೆ ಇಲ್ಲದ ಸಂಸ್ಕೃತ ಧಾತುವನ್ನು ಕಲ್ಪಿಸಿ, ಇಲ್ಲದ ಅರ್ಥವನ್ನು ಅಂಟಿಸಿ, ‘ಇದು ವೇದದಲ್ಲಿದೆ’ ಎಂದು ಬೀಗುವುದರಲ್ಲಿ ದೋಷವಿದೆ. ಮಗು ಬೆಳೆದು ಓದಿ ತಿಳಿದಾಗ ಆ ಅರ್ಥ ಕಳಚಿ ಬೀಳುವುದು. ಈಗಾಗಲೇ ಇಟ್ಟಿರುವ ಹೆಸರುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅರ್ಥವಿಲ್ಲದ ಹೆಸರನ್ನೂ ಗುಣವಂತೆಯಾದ ಹುಡುಗಿಯು ತನ್ನ ಬಾಳಿನಿಂದ ತುಂಬಬಲ್ಲಳು. ಮುಂದೆ ಇಡತಕ್ಕವರಿಗಾಗಿ ಮಾತ್ರ ಈ ವಿಚಾರ.

ಹೀಗಿರಲು ಶಾಸ್ತ್ರವು ಏನು ಹೇಳುತ್ತದೆಯೆಂದು ನೋಡುವುದು ಯುಕ್ತವಾಗಿದೆ. ಗಂಡುಮಕ್ಕಳ ಹೆಸರು ಸಮಸಂಖ್ಯೆಯ ಅಕ್ಷರಗಳುಳ್ಳದ್ದಾಗಿಯೂ ಹೆಣ್ಣುಮಕ್ಕಳ ಹೆಸರು ವಿಷಮಸಂಖ್ಯೆಯ ಅಕ್ಷರಗಳುಳ್ಳದ್ದಾಗಿಯೂ ಇರಬೇಕೆಂದು ಆಶ್ವಲಾಯನ, ಪಾರಸ್ಕರ ಮೊದಲಾದ ಗೃಹ್ಯಸೂತ್ರಕಾರರ ಮತ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಸ್ತ್ರೀನಾಮದ ಲಕ್ಷಣವನ್ನು ಬಿಡಿಸಿ ಹೇಳಿದೆ: ಸುಖವಾಗಿ ಉಚ್ಚರಿಸುವಂತಿರಬೇಕು, ಕ್ರೂರವಾಗಿರಬಾರದು, ಅರ್ಥ ಸ್ಪಷ್ಟವಾಗಿರಬೇಕು, ಮನೋಹರವೂ ಮಂಗಳಕರವೂ ಆಗಿರಬೇಕು, ಕಡೆಯ ವರ್ಣ ದೀರ್ಘವಾಗಿರಬೇಕು, ಆಶೀರ್ವಾದವನ್ನು ಸೂಚಿಸುವಂತಿರಬೇಕು. ಸಾಹಿತ್ಯವಿಮರ್ಶಕನು ಒಂದು ಒಳ್ಳೆಯ ಪದದಲ್ಲಿ ಅಪೇಕ್ಷಿಸುವ ಗುಣಗಳು ಬಹುಮಟ್ಟಿಗೆ ಇವೇ.

ಆದರೆ ಶಾಸ್ತ್ರದ ಮಾತೆಲ್ಲವನ್ನೂ ನಮ್ಮ ಜನ ಕಣ್ಣುಮುಚ್ಚಿ ಹಿಡಿದವರಲ್ಲ. ಅದೇ ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ನಕ್ಷತ್ರ, ವೃಕ್ಷ, ನದಿ, ಪರ್ವತ, ಪಕ್ಷಿ ಮುಂತಾದುವುಗಳ ಹೆಸರುಳ್ಳ ಕನ್ಯೆಯನ್ನು ವಿವಾಹವಾಗಬಾರದೆಂದು ಹೇಳಿದೆ. ಈ ದೇಶದ ತಾಯಂದಿರು ಅದನ್ನು ಕೇಳಿದರೇ? ರೇವತಿ, ರೋಹಿಣಿ, ಗಂಗೆ, ಕಾವೇರಿ, ತುಳಸಿ ಎಂದು ಕರೆದು, ಆ ಹೆಸರಿನ ಹೆಣ್ಣುಮಕ್ಕಳನ್ನು ಸಂತೋಷದಿಂದ ಮದುವೆಮಾಡಿ ಕಳುಹಿಸಿದರು. ಸೂತ್ರವನ್ನು ವಿವೇಕದಿಂದ ಬಳಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಕ್ಷತ್ರಪಾದದ ಅಕ್ಷರದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಮಗುವಿನ ಜನ್ಮನಕ್ಷತ್ರದ ಪಾದಕ್ಕೆ ಪಂಚಾಂಗದಲ್ಲಿ ಹೇಳಿರುವ ಅಕ್ಷರದಿಂದಲೇ ಕರೆಯುವ ಹೆಸರು ಮೊದಲಾಗಬೇಕೆಂದು ಅನೇಕರು ಹಟಹಿಡಿಯುತ್ತಾರೆ. ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ ಎಂದು ನಾಲ್ಕು ಅಕ್ಷರಗಳು. ಇವುಗಳಲ್ಲಿ ಮೂರನೆಯದರಿಂದ ಆರಂಭವಾಗುವ ಹೆಸರನ್ನು ಯಾವ ಪಂಡಿತನು ತಂದುಕೊಡುವನು? ಇಂತಹ ಇಕ್ಕಟ್ಟಿನಲ್ಲಿ ಸಿಕ್ಕಿದ ಗೃಹಸ್ಥರೇ ಹೊಸ ಶಬ್ದಗಳನ್ನು ಹೊಸೆಯಲು ತೊಡಗುವರು. ಆದರೆ ಧರ್ಮಸಿಂಧುವೇ ಮೊದಲಾದ ನಿಬಂಧಗ್ರಂಥಗಳಲ್ಲಿ ದೇವತಾನಾಮ, ಮಾಸನಾಮ, ನಾಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಬಗೆಯ ಹೆಸರುಗಳನ್ನು ಬೇರೆ ಬೇರೆಯಾಗಿಯೇ ಹೇಳಿದೆ. ನಕ್ಷತ್ರದ ಅಕ್ಷರಕ್ಕೆ ಸಲ್ಲಬೇಕಾದುದು ನಾಕ್ಷತ್ರನಾಮದಲ್ಲಿ ಸಂದರೆ ಸಾಕು. ಊರವರ ಬಾಯಲ್ಲಿ ನಡೆಯುವ ವ್ಯಾವಹಾರಿಕನಾಮವನ್ನು ಆರಿಸುವ ಸ್ವಾತಂತ್ರ್ಯವನ್ನು ಶಾಸ್ತ್ರವೇ ತಾಯಿತಂದೆಗಳಿಗೆ ಬಿಟ್ಟಿದೆ. ಇದನ್ನು ತಿಳಿದರೆ ಅರ್ಧ ಕಷ್ಟ ಪರಿಹಾರವಾದಂತೆ.

ಹಾಗಾದರೆ ವಿರಳವೂ ಪ್ರಸಿದ್ಧವೂ ಆದ ಹೆಸರುಗಳು ಎಲ್ಲಿ ದೊರೆಯುವುವು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಈ ವಿಷಯದಲ್ಲಿ ನಮಗೆ ಚೆನ್ನಾಗಿ ಒಪ್ಪುತ್ತದೆ. ಬಿ. ಎಲ್. ರೈಸ್ ಅವರು 1902ರಲ್ಲಿ ನಮ್ಮ ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದರು. ಇವುಗಳನ್ನು ರಾಜರ ವಂಶಾವಳಿಗಾಗಿ ಓದುವವರುಂಟು, ದಾನದತ್ತಿಗಳ ಲೆಕ್ಕಕ್ಕಾಗಿ ಓದುವವರುಂಟು. ಸ್ತ್ರೀಯರ ಹೆಸರುಗಳಿಗಾಗಿ ಓದಿದರೆ, ಎಂಟು ನೂರು ಒಂಬೈನೂರು ವರ್ಷಗಳ ಹಿಂದೆ ಈ ನೆಲದಲ್ಲಿಯೇ ನಡೆದಾಡಿದ ತಾಯಂದಿರ ಹೆಸರುಗಳು ಸಾಲುಸಾಲಾಗಿ ದೊರೆಯುವುವು. ಅವುಗಳಲ್ಲಿ ಕೆಲವನ್ನು ಮೇಲೆ ಹೇಳಿದ ಲಕ್ಷಣಗಳ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲು ಶಾಂತಲೆ. ವಿಷ್ಣುವರ್ಧನನ ಪಟ್ಟದರಸಿಯಾದ ಈಕೆ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಹೆಸರು ಮೂರಕ್ಷರದ್ದು; ನಾಲಗೆಗೆ ಸುಖ; ಅರ್ಥದಲ್ಲಿ ಶಾಂತಿಯ ನೆರಳಿದೆ. ಶತಮಾನಗಳ ಕಾಲ ಶಾಸನದ ಕಲ್ಲಿನಲ್ಲಿಯೇ ಉಳಿದಿದ್ದ ಈ ಹೆಸರನ್ನು ವಾಚಕರ ಮನೆಗಳಿಗೆ ಮುಟ್ಟಿಸಿದವರಲ್ಲಿ ಕಾದಂಬರಿಕಾರರು ಮುಖ್ಯರು. ಕೆ. ವಿ. ಅಯ್ಯರ್ ಅವರು ಆಕೆಯನ್ನು ಕುರಿತು ಬರೆದರು, ಸಿ. ಕೆ. ನಾಗರಾಜರಾಯರು ಆಕೆಯ ಮೇಲೆ ಬರೆದ ಬೃಹತ್ ಕಾದಂಬರಿಗೆ 1983ರ ಮೂರ್ತಿದೇವಿ ಪ್ರಶಸ್ತಿ ಬಂದಿತು. ಈಗ ಕನ್ನಡನಾಡಿನಲ್ಲಿ ಶಾಂತಲಾ ಎಂಬ ಹೆಸರಿನ ಹೆಣ್ಣುಮಕ್ಕಳನ್ನು ಎಲ್ಲೆಡೆಯೂ ಕಾಣಬಹುದು. ಕಲ್ಲಿನಲ್ಲಿದ್ದ ಹೆಸರು ಮತ್ತೆ ತೊಟ್ಟಿಲಿಗೆ ಬರಬಲ್ಲದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಒಂದಕ್ಕೆ ಸಾಧ್ಯವಾದುದು ಇನ್ನೊಂದಕ್ಕೂ ಸಾಧ್ಯ.

ಎರಡನೆಯದು ಸಹಜೆ. ಹಾಸನದ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು 1114ರ ಸುಮಾರಿನಲ್ಲಿ ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ. ಆಕೆ ಅರಸಿಯಲ್ಲ, ಗೃಹಿಣಿ. ಹೆಸರು ಮೂರಕ್ಷರ, ಅಕ್ಷರಗಳಲ್ಲಿ ಒಂದಾದರೂ ಒತ್ತಿಲ್ಲ, ಅರ್ಥವನ್ನು ಕೋಶ ತೆರೆಯದೆ ಸಾಮಾನ್ಯನೂ ಹೇಳಬಲ್ಲನು. ಸಹಜವೆಂಬುದು ಕೃತ್ರಿಮಕ್ಕೆ ಎದುರಾದುದು. ಹೆಣ್ಣುಮಗುವಿಗೆ ಅದಕ್ಕಿಂತ ಒಳ್ಳೆಯ ಹಾರೈಕೆ ಯಾವುದಿದೆ? ಲಕ್ಷ್ಮಿಯ ಗುಡಿಯನ್ನು ಕಟ್ಟಿಸಿದವಳ ಹೆಸರಾದುದರಿಂದ ಮಂಗಳತ್ವಕ್ಕೂ ಕೊರತೆಯಿಲ್ಲ. ನಮ್ಮ ಜಿಲ್ಲೆಯ ಹೆಸರುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ಈ ಲೇಖಕನು ಇದನ್ನೇ ಮುಂದಿಡುವನು.

ಇನ್ನು ಒಂದನೆಯ ಬಲ್ಲಾಳನು 1103ರಲ್ಲಿ ಮರಿಯಾನೆ ದಂಡನಾಯಕನ ಮೂವರು ಪುತ್ರಿಯರನ್ನು ಒಟ್ಟಿಗೆ ವರಿಸಿದನೆಂದು ಶಾಸನದಿಂದ ತಿಳಿದುಬರುತ್ತದೆ. ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿ ಎಂದು ಆ ಸೋದರಿಯರ ಹೆಸರುಗಳು. ಪದ್ಮಲೆಯು ಇಂದಿಗೂ ಸುಂದರವಾದ ಹೆಸರು. ‘ಪದ್ಮಾ’ ಎಂದು ಮನೆಮನೆಯಲ್ಲಿ ಕೇಳಿ ಸವೆದ ಶಬ್ದಕ್ಕೆ ಒಂದೇ ಅಕ್ಷರ ಕೂಡಿ ಹೊಸ ಹೊಳಪು ಬಂದಿದೆ. ಚಾವಲೆಯ ವಿಷಯದಲ್ಲಿ ಹಿಂಜರಿಕೆ ಸಹಜ: ಹಿಂದೀ ಬಲ್ಲವರ ನಡುವೆ ಅದು ಅಕ್ಕಿಯಾಗಿ ಕೇಳಿಸುವುದು, ಜೊತೆಯ ಮಕ್ಕಳು ನಗುವರು. ಬೊಪ್ಪದೇವಿಯ ಹೆಸರು ಆ ಕಾಲದವರ ಕಿವಿಗೆ ಒಪ್ಪಿದ್ದಿತು, ಈ ಕಾಲದವರ ಕಿವಿಗೆ ಒರಟು. ಗಂಗರಾಜನ ತಾಯಿ ಪೋಚಿಕಬ್ಬೆಯು ಪೂಜ್ಯಳಾದರೂ ಆಕೆಯ ಹೆಸರನ್ನು ಇಂದಿನ ಮಗುವಿಗೆ ಇಡೆಂದು ಹೇಳುವುದು ಸಾಹಸವಾಗುವುದು. ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಲ್ಲ. ಹಳೇಬೀಡಿನ ಕೇದಾರೇಶ್ವರನ ಗುಡಿಯನ್ನು 1219ರಲ್ಲಿ ಎರಡನೆಯ ಬಲ್ಲಾಳನೊಡನೆ ನಿರ್ಮಾಣಮಾಡಿಸಿದ ಕೇತಲದೇವಿಯ ಹೆಸರು ಇವೆರಡರ ನಡುವೆ ನಿಲ್ಲುತ್ತದೆ. ನಾದ ಮಧುರ, ಆದರೆ ಅರ್ಥ ಥಟ್ಟನೆ ಹೊಳೆಯದು. ಅರ್ಥಕ್ಕಿಂತ ನಾದವನ್ನೂ ಚರಿತ್ರೆಯನ್ನೂ ಪ್ರೀತಿಸುವ ಮನೆಯವರು ಅದನ್ನು ಇಡಬಹುದು.

ಇಲ್ಲಿ ಒಂದು ಭಾಷಾವಿಷಯವನ್ನು ಗಮನಿಸತಕ್ಕದ್ದು. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಶಬ್ದಗಳು ಕನ್ನಡಕ್ಕೆ ಬರುವಾಗ ಎಕಾರಾಂತಗಳಾಗುವುವು: ಮಾಲಾ ಮಾಲೆಯಾಗುವುದು, ಸೀತಾ ಸೀತೆಯಾಗುವಳು. ಹೊಯ್ಸಳರ ಕಾಲದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇಂತಹ ಮಾರ್ಪಾಡುಗಳನ್ನು ವಿಧಿಸಿದ್ದಾನೆ. ಶಾಲೆಯ ದಾಖಲೆಯಲ್ಲಿ ‘ಸಹಜಾ’ ಎಂದು ಬರೆದರೂ, ಕನ್ನಡದ ವಾಕ್ಯದಲ್ಲಿ ‘ಸಹಜೆ ಬಂದಳು’ ಎನ್ನುವುದು ತಪ್ಪಲ್ಲ. ಎರಡೂ ಭಾಷೆಗಳಲ್ಲಿ ಸಲೀಸಾಗಿ ನಡೆಯುವ ಹೆಸರು ಉತ್ತಮ ಹೆಸರು.

ನಾದವೂ ಅರ್ಥವೂ ಸರಿಯಾಗಿದ್ದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಕೋಶದ ಅರ್ಥ ಒಂದಾದರೆ ಸಾಹಿತ್ಯದಲ್ಲಿ ಹೆಸರು ಗಳಿಸಿದ ಅರ್ಥ ಇನ್ನೊಂದು. ಜನ್ನನ ಯಶೋಧರಚರಿತೆಯು 1209ರಲ್ಲಿ, ಇದೇ ಹೊಯ್ಸಳ ರಾಜ್ಯದಲ್ಲಿ, ರಚಿತವಾದ ಕಾವ್ಯ. ಅದರ ರಾಣಿಯ ಹೆಸರು ಅಮೃತಮತಿ. ಅಮೃತದಂತಹ ಮತಿಯುಳ್ಳವಳೆಂದರೆ ಇನ್ನೇನು ಬೇಕು? ಆದರೆ ಆಕೆ ಮಾವಟಿಗನಿಗೆ ಮನಸೋತು ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಕತೆಯನ್ನು ಓದಿದ ಯಾವ ಕನ್ನಡಿಗನೂ ಆ ಹೆಸರನ್ನು ಮಗಳಿಗೆ ಇಡಲಾರನು. ಕೈಕೇಯಿ ಎಂದರೆ ಕೇಕಯದೇಶದ ರಾಜಪುತ್ರಿ ಎಂದಷ್ಟೇ ಅರ್ಥ, ಅದರಲ್ಲಿ ದೋಷವೇನಿದೆ? ದೋಷವಿರುವುದು ರಾಮಾಯಣದಲ್ಲಿ. ಹೆಸರಿನ ಜೊತೆಗೆ ಚರಿತೆಯೂ ಮನೆಯೊಳಗೆ ಬರುವುದು. ಕಾವ್ಯವನ್ನು ಓದದೆ ಕಾವ್ಯದ ಹೆಸರನ್ನು ಆರಿಸಬಾರದು.

ಇದಕ್ಕೆ ವಿಪರೀತವಾದ ಅನ್ಯಾಯವೂ ನಡೆದಿದೆ. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯ ಹೆಸರಿನಲ್ಲಿ ಸರ್ಕಾರವು ಪ್ರಶಸ್ತಿ ಕೊಡುತ್ತದೆ. ಆ ಹೆಸರನ್ನು ಮಗುವಿಗೆ ಇಟ್ಟ ಮನೆಯನ್ನು ಕಾಣುವುದು ಮಾತ್ರ ದುರ್ಲಭ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಬರೆದು, ಹೆಣ್ಣೆಂದು ಹೀಗಳೆಯುವವರನ್ನು ಎದುರಿಸಿ ಕೇಳಿದ ಕವಯಿತ್ರಿ. ಕನಕ, ಹೇಮಾ, ಸುವರ್ಣ ಎಂದರೆ ನಾಗರಿಕ, ಹೊನ್ನಿ ಎಂದರೆ ಹಳ್ಳಿಗಾಡು ಎಂಬ ಭಾವನೆ ನಮ್ಮಲ್ಲಿ ಬಂದುದು ಹೇಗೆ? ಎಲ್ಲದರ ಅರ್ಥವೂ ಬಂಗಾರವೇ. ಸಂಸ್ಕೃತವನ್ನೇ ಓದಿ ಜೀವಿಸಿದ ಈ ಲೇಖಕನಿಗೆ ಸಂಸ್ಕೃತದಲ್ಲಿ ಭಕ್ತಿ ಕಡಮೆಯಿಲ್ಲ. ಆದರೆ ಅಚ್ಚಗನ್ನಡದ ಹೆಸರನ್ನು ಬಿಟ್ಟು ಮುರುಕು ಸಂಸ್ಕೃತವನ್ನು ಹಿಡಿಯುವುದರಿಂದ ಎರಡು ಭಾಷೆಗಳಿಗೂ ಅವಮಾನವೆಂದು ಅವನ ಅಭಿಪ್ರಾಯ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಇವುಗಳಲ್ಲಿ ಹಲವು ಜೈನರ ಹೆಸರುಗಳು, ನಮ್ಮ ಮತಕ್ಕೆ ಹೊಂದುವುದಿಲ್ಲವೆಂದು ಕೆಲವರು ಹೇಳುವರು. ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆ ಜೈನಮತದವಳು. 1181ರಲ್ಲಿ ಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಿಯಕ್ಕನ ಪತಿ ಚಂದ್ರಮೌಳಿಯು ಬ್ರಾಹ್ಮಣಮಂತ್ರಿ. ಒಂದೇ ಮನೆಯಲ್ಲಿ ಎರಡು ಮತಗಳು ಕೂಡಿ ಬಾಳಿದ ಕಾಲದ ಹೆಸರುಗಳಿಗೆ ನಾವು ಈಗ ಮತದ ಬೇಲಿ ಹಾಕುವುದು ಸರಿಯಲ್ಲ.

ಎರಡನೆಯ ಆಕ್ಷೇಪವು ಇನ್ನೂ ಬಲವಾದುದು: ಮಗು ನಾಳೆ ದೂರದ ಊರಿಗೆ, ದೂರದ ದೇಶಕ್ಕೆ ಹೋದರೆ ಈ ಹೆಸರನ್ನು ಅಲ್ಲಿಯವರು ನುಡಿಯುವರೇ? ಮನು ಹೇಳಿದ ಸುಖೋಚ್ಚಾರಣೆಯ ನಿಯಮಕ್ಕೆ ಇಂದು ಈ ಅರ್ಥವೂ ಸೇರಿತೆನ್ನಬೇಕು. ಸಹಜಾ, ಪದ್ಮಲಾ, ಕೇತಲಾ ಎಂಬುವನ್ನು ನುಡಿಯಲಾರದ ನಾಲಗೆ ವಿರಳ. ಆದರೆ ದೂರದವರ ನಾಲಗೆಯನ್ನು ಎಣಿಸುವ ಮೊದಲು ಮನೆಯ ಅಜ್ಜಿಯ ನಾಲಗೆಯನ್ನು ಎಣಿಸಬೇಕು. ಮೊಮ್ಮಗಳ ಹೆಸರನ್ನು ಸರಿಯಾಗಿ ಕರೆಯಲಾರದೆ ‘ಪುಟ್ಟಿ’ ಎಂದಷ್ಟೇ ಕರೆದು ಸುಮ್ಮನಾಗುವ ಅಜ್ಜಿಯರು ನಮ್ಮ ಊರುಗಳಲ್ಲಿ ಹೆಚ್ಚುತ್ತಿದ್ದಾರೆ. ಅವರ ಮೌನವು ಯಾರಿಗೂ ದೂರಾಗಿ ಕೇಳಿಸುವುದಿಲ್ಲ. ಆದರೂ ಅದು ದೂರೇ. ಮೇಲೆ ಹೇಳಿದ ಆಚಿಯಕ್ಕನನ್ನೇ ಶಾಸನವು ಆಚಲದೇವಿ ಎಂದೂ ಕರೆದಿದೆ. ಒಂದೇ ಹೆಸರಿಗೆ ಮನೆಯ ರೂಪವೊಂದು, ಸಭೆಯ ರೂಪವೊಂದು ಇದ್ದ ಆ ಪದ್ಧತಿ ಅನುಕರಣೀಯವಾದುದು.

ವಾಚಕರಲ್ಲಿ ಬಿನ್ನಹವಿಷ್ಟು. ಹೆಸರನ್ನು ಆರಿಸುವಾಗ ಮೊದಲು ಮನೆಯ ಹಿರಿಯ ಹೆಂಗಸರ ಹೆಸರುಗಳನ್ನು ಮೂರು ನಾಲ್ಕು ತಲೆಗಳವರೆಗೆ ಕೇಳಿ ಬರೆದುಕೊಳ್ಳಿರಿ. ವಿರಳವೂ ಪ್ರಸಿದ್ಧವೂ ಆದ ಹೆಸರು ಅನೇಕ ವೇಳೆ ಅಲ್ಲಿಯೇ ಇರುವುದು. ಅನಂತರ ಜಿಲ್ಲೆಯ ಶಾಸನಗಳನ್ನೂ ಓದಿದ ಕಾವ್ಯಗಳನ್ನೂ ನೋಡಿರಿ. ದೊರೆತ ಹೆಸರನ್ನು ಬಾಗಿಲಲ್ಲಿ ನಿಂತು ಬೀದಿಗೆ ಕೇಳಿಸುವಂತೆ ಒಮ್ಮೆ ಕೂಗಿರಿ. ಮಗುವನ್ನು ಮಲಗಿಸುವ ದನಿಯಲ್ಲಿ ಒಮ್ಮೆ ಹೇಳಿರಿ. ವೃದ್ಧೆಯೊಬ್ಬಳ ಹೆಸರಾಗಿ ಒಮ್ಮೆ ಊಹಿಸಿರಿ. ಮೂರರಲ್ಲಿಯೂ ಒಪ್ಪಿದರೆ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬರೆಯಿರಿ. ಆತುರವೂ ಬೇಡ. 1969ರ ಜನನ ಮರಣ ನೋಂದಣಿ ಕಾನೂನಿನಂತೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ; ಹನ್ನೆರಡು ತಿಂಗಳೊಳಗಾದರೆ ಶುಲ್ಕವೂ ಇಲ್ಲ.

ನಮ್ಮ ತಾಲ್ಲೂಕಿನ ಮುಖ್ಯ ಪಟ್ಟಣಕ್ಕೆ ಅರಸೀಕೆರೆ ಎಂದು ಹೆಸರು. ಅರಸಿಯ ಕೆರೆ ಎಂದು ಅದರ ಅರ್ಥ. ಊರಿನ ಹೆಸರಿನಲ್ಲಿ ಆಕೆಯ ಪದವಿ ಉಳಿದಿದೆ, ಆಕೆಯ ಕೆರೆ ಉಳಿದಿದೆ; ತಾಯಿ ತೊಟ್ಟಿಲ ಬಳಿ ಆಕೆಯ ಕಿವಿಯಲ್ಲಿ ಹೇಳಿದ ಹೆಸರು ಮಾತ್ರ ಅಲ್ಲಿ ಇಲ್ಲ. ಕಲ್ಲಿನ ಮೇಲೆ ಹೆಸರು ಉಳಿದ ಸಹಜೆ, ಪದ್ಮಲೆ, ಕೇತಲೆಯರನ್ನಾದರೂ ನಾವು ಮತ್ತೆ ಬಾಯಿತುಂಬ ಕರೆಯೋಣ.